ಮೊಳೆಗೂ ಕಾಮಾಲೆ ಬಂದಿತ್ತೇ?

ನಮ್ಮ ಓಣಿಯಲ್ಲಿ ಕಾಮಾಲೆಗೆ ಎಲ್ಲರೂ ವೈದ್ಯರೇ. ಕಣ್ಣು ಹಳದಿಯಾಯಿತೋ, ಅಡುಗೆಗೆ ಅರಿಶಿನ ಬಂದ್. ಖಾಲಿ ಹೊಟ್ಟೆಗೆ ನೆಲಬೇವಿನ ರಸ. ತಲೆಯ ಮೇಲೆ ನಾಟಿ ವೈದ್ಯ ಮಂತ್ರಿಸಿ ಕೊಟ್ಟ ಹಸಿಕಡ್ಡಿಗಳನ್ನು ನೂಲಿನಲ್ಲಿ ಬಿಗಿದ ಹಾರ. ದಿನ ಕಳೆದಂತೆ ಆ ಹಾರ ತಾನಾಗಿಯೇ ಉದ್ದವಾಗಿ ಕೊರಳಿಗೆ, ಎದೆಗೆ ಇಳಿಯುತ್ತದೆ. ಹಾರ ಇಳಿದಷ್ಟೂ ರೋಗ ಇಳಿಯಿತು ಎನ್ನುತ್ತೇವೆ. ಶಾಂತಿಪುರದ ನೇಕಾರರ ಮನೆಯ ಬಿಂದುಬಾಲಾ ನಾನು. ಅರವತ್ತು ವರ್ಷ ಇದನ್ನೇ ನಂಬಿದ್ದೆ. ಹಿಡಿದ ಹಟ ಸುಲಭಕ್ಕೆ ಬಿಡುವವಳೂ ಅಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ನೆರೆ ಬಂದು ಕೈಪಂಪಿನ ನೀರೆಲ್ಲ ಕೆಟ್ಟಿತು. ಏಳು ತಿಂಗಳ ಬಸುರಿ ನನ್ನ ಸೊಸೆ ತುಲಿಕಾಗೆ ಕಾಮಾಲೆ ಬಂತು. ಐದನೆಯ ದಿನ, ನನ್ನನ್ನು ಚಿಕ್ಕಮ್ಮನಂತೆ ಮಾಸಿ ಎಂದು ಕರೆಯುವ ಆಶಾ ಕಾರ್ಯಕರ್ತೆ ಮಿನತಿ ಮನೆಗೆ ಬಂದಳು.

"ಬಿಂದು ಮಾಸಿ, ಐದು ದಿನ ಮನೇಲೇ ಇಟ್ಕೊಂಡಿದೀರಾ?"

"ಮುಖ ಸಿಂಡರಿಸಬೇಡ ಕಣೇ. ಹಾರ ನೋಡು, ಆಗ್ಲೇ ಎದೆಗೆ ಬಂದಿದೆ."

"ಹಾರ ಇಳೀತು ಸರಿ. ಕಣ್ಣಿನ ಹಳದಿ ಇಳೀತಾ?"

"ಇಳಿಯುತ್ತೆ. ದಿನಕ್ಕೆ ಮೂರು ಲೋಟ ನೆಲಬೇವಿನ ರಸ ಕುಡಿಸ್ತಿದೀನಿ. ಲಿವರಿಗೆ ಅದಕ್ಕಿಂತ ಮದ್ದು ಬೇಕಾ? ನಿಮ್ಮಮ್ಮನೂ ನಿನ್ನ ಮೂಗು ಹಿಡಿದು ಕುಡಿಸಿಲ್ವಾ?"

"ಆ ಕಹಿ ಮರೆಯೋಕಾಗುತ್ತಾ ಮಾಸಿ! ಅದರಲ್ಲಿ ಗುಣ ಇಲ್ಲ ಅಂತ ನಾನೂ ಹೇಳಲ್ಲ. ವಿಜ್ಞಾನಿಗಳು ಸಾರ ತೆಗೆದು, ಅಳೆದು, ಇಲಿಗಳ ಮೇಲೆ ಪರೀಕ್ಷೆ ಮಾಡ್ತಿದಾರೆ. ಇಲಿಗಳ ಲಿವರು ಸ್ವಲ್ಪ ಉಳೀತು ಅಂತಾನೂ ಕೇಳಿದೀನಿ. ಆದ್ರೆ ನಿಮ್ಮ ಸೊಸೆ ಇಲಿ ಅಲ್ಲ. ಬಸುರಿಗೆ ಇದು ಕೇಡೂ ಮಾಡಬಹುದು. ಲೋಟದ ಲೆಕ್ಕ ನಿಮಗೆ ಯಾರು ಹೇಳಿದ್ರು?"

ನಾನು ರಸದ ಲೋಟವನ್ನು ಮೂಲೆಗೆ ಸರಿಸಿದೆ. ಅಷ್ಟರಲ್ಲಿ ಮಿನತಿಯ ಕಣ್ಣು ಮಗ್ಗದ ಪಕ್ಕದ ಗೋಡೆಗೆ ಹೋಯಿತು.

"ಅಲ್ಲಿ ಮೊಳೆಗೆ ನೇತಾಕಿರೋದೇನು?"

"ಅದೂ ಹಾರಾನೇ. ಒಂದು ಹರಿದ್ರೆ ಇರಲಿ ಅಂತ ಅವತ್ತೇ ಜೋಡಿ ತಂದಿದ್ದೆ."

ಅವಳು ಮೊಳೆಯ ಹಾರವನ್ನೂ ತುಲಿಕಾಳ ಕೊರಳಿನ ಹಾರವನ್ನೂ ತೆಗೆದು ಪಕ್ಕಪಕ್ಕ ಹಿಡಿದಳು. ಎರಡೂ ಅಷ್ಟಷ್ಟೇ ಉದ್ದವಾಗಿದ್ದವು.

"ಮಾಸಿ, ಈ ಮೊಳೆಗೆ ಯಾವಾಗ ಕಾಮಾಲೆ ಬಂದಿತ್ತು?"

ಮಗ್ಗದಲ್ಲಿ ಕೂತಿದ್ದ ಮಗ ನಿತಾಯಿ ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಹಾರ ಕಿತ್ತುಕೊಂಡು ನೋಡಿದೆ. ಹಸಿಕಡ್ಡಿ ಒಣಗಿ ಕುಗ್ಗಿತ್ತು, ಗಂಟು ಸಡಿಲವಾಗಿ ನೂಲು ಬಿಟ್ಟುಕೊಂಡಿತ್ತು. ಹುಟ್ಟಿದಾಗಿನಿಂದ ನೂಲಿನ ಜೊತೆಗೇ ಬಾಳಿದವಳು ನಾನು, ಇಷ್ಟು ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮಿನತಿ ತುಲಿಕಾಳ ಗಲ್ಲ ತಟ್ಟಿ ಕೇಳಿದಳು, "ಇವತ್ತು ಯಾವ ವಾರ ಹೇಳು?"

ತುಲಿಕಾ ಬಾಗಿಲ ಕಡೆ ತಿರುಗಿದಳು. ಆಮೇಲೆ, "ಅಮ್ಮ ಬಂದ್ಲಾ?" ಎಂದಳು. ಅವಳ ತಾಯಿ ಸತ್ತು ನಾಲ್ಕು ವರ್ಷವಾಗಿದೆ.

"ಲಿವರು ಸೋತು ವಿಷ ತಲೆಗೆ ಏರ್ತಿದೆ ಮಾಸಿ," ಮಿನತಿಯ ದನಿ ಗಟ್ಟಿಯಾಯಿತು. "ಬಸುರೀಲಿ ಕಾಮಾಲೆ ಬಂದ್ರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಈಗ್ಲೇ ಹೊರಡಬೇಕು."

"ನಿತಾಯಿ, ಮಗ್ಗ ಬಿಡು. ಟೋಟೋ ಗಾಡಿ ಕರಿ!" ಎಂದೆ.

"ಮಂತ್ರಿಸಿ ಕೊಟ್ಟ ವೈದ್ಯರನ್ನ ಕೇಳದೆ ಹಾರ ತೆಗೀಬಾರ್ದು ಬಿಂದು," ಎಂದು ಎದುರುಮನೆಯವಳು ಬಾಗಿಲಿಗೆ ಅಡ್ಡ ನಿಂತಳು.

"ಹಾರ ನೀನೇ ಹಾಕ್ಕೋ. ದಾರಿ ಬಿಡು," ಎಂದು ಸೊಸೆಯ ತೋಳು ಹಿಡಿದು ನಡೆಸಿಕೊಂಡು ಹೋದೆ.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಮೊದಲ ಮೂರು ದಿನ ಡಾಕ್ಟರು ಏನೂ ಭರವಸೆ ಕೊಡಲಿಲ್ಲ. ನಾಲ್ಕನೆಯ ದಿನ ತುಲಿಕಾ ಕಣ್ಣು ಬಿಟ್ಟು, "ಮಾ, ನೀವು ಊಟ ಮಾಡಿದ್ರಾ?" ಎಂದಳು. ನಾನು ಮಂಚದ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಚಳಿಗಾಲದಲ್ಲಿ ಹೆಣ್ಣುಮಗು ಹುಟ್ಟಿತು. ಹುಟ್ಟಿದ ದಿನವೇ, ರಕ್ತದಿಂದ ಹರಡುವ ಇನ್ನೊಂದು ಬಗೆಯ ಕಾಮಾಲೆ ಬಾರದಂತೆ ಹೆಪಟೈಟಿಸ್ ಬಿ ಲಸಿಕೆಯನ್ನೂ ಹಾಕಿಸಿದೆವು.

ಅಕ್ಕತಂಗಿಯರೇ, ನೀರು ಕುದಿಸಿ ಕುಡಿಯಿರಿ. ಸೊಪ್ಪಿನ ರಸವಾಗಲಿ, ಗುಳಿಗೆಯಾಗಲಿ, ಡಾಕ್ಟರನ್ನು ಕೇಳದೆ ಕೊಡಬೇಡಿ. ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಬಸುರಿಯಾದರೆ ಕೈಯಲ್ಲಿರುವ ಕೆಲಸ ಅಲ್ಲೇ ಬಿಟ್ಟು ಹೋಗಿ. ನಾನು ಐದು ದಿನ ಕಳೆದೆ. ನೀವು ಒಂದು ದಿನವನ್ನೂ ಕಳೆಯಬೇಡಿ.