ಗುಡುಗಣ್ಣನ ಬಲಗೈ ಗುದ್ದು

ಗುಡುಗಣ್ಣ ಬಲಗೈಯಲ್ಲಿ ಗುದ್ದಿದ್ದ. ಚಿತ್ರಕಾರನ ತಲೆಗೆ ಅನುಮಾನದ ಹುಳು ಹೊಕ್ಕಿದ್ದೇ ಅಲ್ಲಿ.

ಮೂವತ್ತು ವರ್ಷ ವಾರಕ್ಕೊಂದರಂತೆ ಗುಡುಗಣ್ಣನ ಕಾಮಿಕ್ಸ್ ಬರೆದವರು ಕಥೆಗಾರರು. ಅವನಿಗೆ ಮೂಗು ಮೀಸೆ ಕೊಟ್ಟವನು ಈ ಚಿತ್ರಕಾರ. ಹಸ್ತಪ್ರತಿಯಲ್ಲಿ ಯಾವಾಗಲೂ 'ಎಡಗೈಯಿಂದ ಗುದ್ದುತ್ತಾನೆ' ಎಂದೇ ಇರುತ್ತಿತ್ತು. ಒಂದು ತಿಂಗಳಿಂದ ಎಲ್ಲ ಬಲಗೈ. ಸಾಲದ್ದಕ್ಕೆ ಖಳ ಕತ್ತಲಪ್ಪ ಭಾಷಣ ಬಿಗಿಯುತ್ತಿದ್ದ. ಮಾತಿನ ಗುಳ್ಳೆಯೇ ಚೌಕಟ್ಟು ತುಂಬಿ, ಪಾಪ, ಅವನಿಗೆ ನಿಲ್ಲಲೂ ಜಾಗವಿಲ್ಲ.

ಪ್ರಕಾಶಕರು ಯಾರೋ ಹೊಸಬನ ಕೈಲಿ ಅಗ್ಗಕ್ಕೆ ಬರೆಸುತ್ತಿದ್ದಾರೆ, ಸಂಶಯವೇ ಇಲ್ಲ. ಇವತ್ತು ಕಥೆಗಾರರ ಪೆನ್ನು ಕಿತ್ತುಕೊಂಡವರು ನಾಳೆ ತನ್ನ ಬ್ರಷ್ಷು ಬಿಟ್ಟಾರೆಯೇ?

ಬರೆಯುವ ಹೊತ್ತಿನಲ್ಲಿ ಯಾರೂ ಬರಕೂಡದೆಂಬುದು ಕಥೆಗಾರರ ಮನೆಯ ಕಟ್ಟಪ್ಪಣೆ. ಅದೇ ಹೊತ್ತು ನೋಡಿಕೊಂಡು ಚಿತ್ರಕಾರ ಹೋದ. ಒಳಗಿನಿಂದ "ಹ್ಹಹ್ಹಹ್ಹಾ!" ಎಂಬ ರಾಕ್ಷಸ ನಗೆ; ಹಿಂದೆಯೇ ಕೆಮ್ಮು. ಕಥೆಗಾರರ ಹೆಂಡತಿ ಬಾಗಿಲನ್ನು ಗೇಣಗಲ ತೆರೆದಳು. ಎಡಗೈ ಶಾಲಿನೊಳಗಿತ್ತು.

"ಒಳಗ್ಯಾರು ಅಕ್ಕಾ?"

"ಇನ್ಯಾರು, ನಿಮ್ಮಣ್ಣ. ಬರೀತಿದಾರೆ."

"ಬರೆಯೋರು ಹಿಂಗ್ ಕಿರುಚ್ತಾರಾ?"

"ಹೊಸದಲ್ವಾ, ಪಾಪ," ಎಂದವಳು ನಾಲಿಗೆ ಕಚ್ಚಿಕೊಂಡಳು.

"ಮೂವತ್ತು ವರ್ಷ ಆದ್ಮೇಲೂ ಹೊಸದಾ?"

ಅಷ್ಟರಲ್ಲಿ ಮುದ್ದೆಯಾದ ಹಾಳೆ ಹಿಡಿದು ಕಥೆಗಾರರೇ ಧಾವಿಸಿ ಬಂದರು. "ಲೇ, ಇವಳೇ, ಕತ್ತಲಪ್ಪ ಸಾಯ್ತಾನೇ ಇಲ್ಲ ಕಣೇ! ನೀನು ಹೆಂಗೆ ಸಾಯಿಸ್ತಿದ್ದೆ?"

ಚಿತ್ರಕಾರನನ್ನು ಕಂಡು ಹಾಳೆಯನ್ನು ಬೆನ್ನ ಹಿಂದೆ ಅಡಗಿಸಿದರು. ಅವಳು ಶಾಲು ಸರಿಸಿದಳು. ಎಡ ಮಣಿಕಟ್ಟಿಗೆ ಪ್ಲಾಸ್ಟರ್.

"ಬಚ್ಚಲಲ್ಲಿ ಜಾರಿಬಿದ್ದೆ. ಇಷ್ಟು ವರ್ಷ ಬರೆದೋಳು ನಾನೇ, ಎಡಚಿ ಕಣಪ್ಪ. ಹೆಂಗಸು ಬರೆದ ಗುದ್ದಾಟ ಯಾರೋದ್ತಾರೆ ಅಂದಿದ್ರು ಪ್ರಕಾಶಕರು. ಇವರ ಹೆಸರು ಹಾಕಿದ್ವಿ."

"ಹಾಗಾದ್ರೆ ಅಣ್ಣಾ, ಆ ಸನ್ಮಾನ, ಹಾರ, ಭಾಷಣ?"

"ಭಾಷಣ ನಂದೇ ಕಣಯ್ಯ," ಎಂದರು ಕಥೆಗಾರರು ಸಣ್ಣ ದನಿಯಲ್ಲಿ. "ಅದಕ್ಕೇ ಕತ್ತಲಪ್ಪಂಗೂ ಆ ರೋಗ ಅಂಟ್ಕೊಂಡಿದೆ."

ಈಗ ಗಂಡಹೆಂಡಿರಿಬ್ಬರೂ ಅವನನ್ನೇ ಅನುಮಾನದಿಂದ ನೋಡತೊಡಗಿದರು. ಪ್ರಕಾಶಕರ ಕಿವಿಗೆ ಊದುವ ಆಸಾಮಿಯೋ ಏನೋ!

ಚಿತ್ರಕಾರ ಚೀಲದಿಂದ ಹಾಳೆ, ಬ್ರಷ್ಷು ತೆಗೆದ. "ಅಕ್ಕಾ, ಕತ್ತಲಪ್ಪನ್ನ ಹೆಂಗೆ ಮುಗಿಸ್ಲಿ?"

"ಮೊದ್ಲು ಅವನ ಮಾತು ಕಿತ್ಕೋ. ಆಮೇಲೆ ಒಂದೇ ಏಟು ಸಾಕು."

ಗುಡುಗಣ್ಣ ಎಡಗೈಯಲ್ಲಿ ಗುದ್ದಿದ. ಮೂವತ್ತು ವರ್ಷ ತಾನೇ ಕಥೆಗಾರರ ಹೆಸರು ಬರೆದಿದ್ದ ಮೂಲೆಗೆ ಬಂದಾಗ ಬ್ರಷ್ಷು ನಿಂತಿತು. ಅಲ್ಲಿ ಏನೂ ಬರೆಯದೆ ಹಾಳೆಯನ್ನು ಚೀಲಕ್ಕಿಟ್ಟುಕೊಂಡ.

"ಪ್ರಕಾಶಕರು ಹೆಸರೆಲ್ಲಿ ಅಂತ ಕೇಳಿದ್ರೆ?" ಅಂದಳು ಅವಳು.

"ಗುಡುಗಣ್ಣನ ಏಟಿಗೆ ಹಾರ್‍ಹೋಯ್ತು ಅಂತೀನಿ. ಯಾರ ಹೆಸರಾಗಿ ವಾಪಸ್ ಬರುತ್ತೋ, ನೀವಿಬ್ರೂ ಮಾತಾಡ್ಕೊಳ್ಳಿ."