ಐವತ್ತು ಮೀಟರಿಗೆ ದೊಡ್ಡ ದುರ್ಬೀನು

ನಮ್ಮ ಬಂದೂಕು ರಿಪೇರಿ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುಪಾಡು. ಮುಂದೆ ಗಲ್ಲಾದಲ್ಲಿ ಕೂತವನು ಆಡಿದ ಮಾತಿಗೆ ಹಿಂದಿನ ಕೋಣೆಯವನು ಗಿರಾಕಿಯ ಮುಂದೆ ಎದುರಾಡಬಾರದು. ತಮ್ಮ ನಾಲ್ಕಕ್ಷರ ಕಲಿತವನು, ಮುಂದೆ ಕೂತ. ಮೂರನೇ ಕ್ಲಾಸಿಗೇ ಬಿಟ್ಟ ನಾನು ಹಿಂದಿನ ಮೇಜಿಗೆ ಅಂಟಿಕೊಂಡೆ. ನಲವತ್ತೆರಡು ವರ್ಷ ಆ ಮಾತು ಮೀರಲಿಲ್ಲ.

ತಮ್ಮನ ಮಗಳು ಪಾಯಿಂಟ್ ಇಪ್ಪತ್ತೆರಡು ಬೋರಿನ ಸಣ್ಣ ರೈಫಲಿನಲ್ಲಿ ಐವತ್ತು ಮೀಟರಿನ ಗುರಿ ಹೊಡೆಯುತ್ತಿದ್ದಳು. ತಂಡದ ಆಯ್ಕೆಗೆ ಹತ್ತು ದಿನವಿದ್ದಾಗ ತಮ್ಮ ಅವಳ ರೈಫಲನ್ನೂ ಅದರ ಮೇಲೆ ಕೂರಿಸಲು ಒಂದು ಹೊಸ ದುರ್ಬೀನನ್ನೂ ತಂದು ನನ್ನ ಮೇಜಿನ ಮೇಲಿಟ್ಟ. ಲೋಟದ ಬಾಯಿಯಷ್ಟು ಅಗಲದ ಗಾಜು.

"ಇದು ದೊಡ್ಡ ಬೇಟೆ ಬಂದೂಕಿಂದು ಕಣೋ," ಅಂದೆ. "ನೂರು ಮೀಟರಿಗೆ ಹೊಂದಿಸಿರೋ ಗಾಜು. ಐವತ್ತರಲ್ಲಿ ಕಣ್ಣು ಒಂಚೂರು ಆಚೀಚೆ ಆದ್ರೆ ಒಳಗಿನ ಗೆರೆ ಗುರಿ ಮೇಲಿಂದ ಜಾರುತ್ತೆ. ಸಣ್ಣ ರೈಫಲಿಗೆ ಅಂತಲೇ ಮಾಡಿರೋದು ಕಪಾಟಲ್ಲಿದೆ, ಅದನ್ನ ಹಾಕ್ತೀನಿ."

"ಡಬ್ಬಿ ಮೇಲೆ ಬರೆದಿರೋದು ಓದಿದ್ಯಾ ಅಣ್ಣ? ಓ, ಮರೆತೇಬಿಟ್ಟೆ!" ತಮ್ಮ ನಕ್ಕ. "ಬಂದೂಕಿನಂಗಡಿಯವನ ಮಗಳು ಬೆರಳುದ್ದದ ಕೊಳವೆ ಹಾಕ್ಕೊಂಡು ಹೋದ್ರೆ ನಾಲ್ಕು ಜನ ಏನಂತಾರೆ?"

ಅಗಲದ ಗಾಜು ನಳಿಗೆಗೆ ತಾಗಬಾರದೆಂದು ದುರ್ಬೀನನ್ನು ಹಿಡಿದಿಡಲು ಎತ್ತರದ ಉಂಗುರಗಳನ್ನೇ ಹಾಕಬೇಕಾಯಿತು. ಕಣ್ಣು ಅಷ್ಟೆತ್ತರಕ್ಕೆ ಹೋಗಬೇಕಾದರೆ ಕೆನ್ನೆ ರೈಫಲಿನ ಮರ ಬಿಟ್ಟು ಏಳಬೇಕು. ಕೆನ್ನೆಗೆ ಆಸರೆಯಿಲ್ಲದ ತಲೆಯೆಂದರೆ ನೀರಿನ ಮೇಲೆ ತೇಲುವ ಬಿಂದಿಗೆ. ಆದರೂ ಕೈ ಕಳ್ಳತನ ಮಾಡಲಿಲ್ಲ. ಗೋಡೆಗೆ ತೂಗುಗುಂಡಿನ ದಾರ ಇಳಿಬಿಟ್ಟು ಒಳಗಿನ ಉದ್ದಗೆರೆಯನ್ನು ಅದಕ್ಕೆ ಹೊಂದಿಸಿದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ತಪ್ಪು ವಸ್ತುವನ್ನು ಅಷ್ಟು ನೆಟ್ಟಗೆ ನಾನು ಎಂದೂ ಕೂರಿಸಿರಲಿಲ್ಲ.

ಸಂಜೆ ಅವಳು ಬಂದು ರೈಫಲನ್ನು ಭುಜಕ್ಕೇರಿಸಿ ನೋಡಿದಳು.

"ಕತ್ತು ಎತ್ತಬೇಕಾಗುತ್ತಲ್ಲ ದೊಡ್ಡಪ್ಪ. ಇದು ಸರೀನಾ? ನೀವೊಬ್ರು ಹೇಳಿದ್ರೆ ಸಾಕು."

ಬಾಗಿಲು ತೆರೆದಿತ್ತು. ಗಲ್ಲಾದ ಮುಂದೆ ಇಬ್ಬರು ಗಿರಾಕಿಗಳಿದ್ದರು. ಮಾತು ನಿಲ್ಲಿಸಿ ತಮ್ಮ ನನ್ನ ಕಡೆ ನೋಡಿದ.

"ಸರಿಯಾಗಿದೆ ಕಣಮ್ಮ," ಅಂದೆ.

ಆಯ್ಕೆಯ ದಿನ ಎರಡು ಅಂಕದಲ್ಲಿ ಅವಳಿಗೆ ತಂಡ ತಪ್ಪಿತು.

ಮರುದಿನ ಅವಳು ನೇರ ಹಿಂದಿನ ಕೋಣೆಗೇ ಬಂದಳು. "ಉಸಿರು ಸರಿಯಿತ್ತು, ಬೆರಳು ಸರಿಯಿತ್ತು. ಗುಂಡು ಮಾತ್ರ ದಿಕ್ಕಿಗೊಂದು."

ನಾನು ದೊಡ್ಡದನ್ನು ಬಿಚ್ಚಿ, ಕಪಾಟಿನ ಸಣ್ಣದನ್ನು ತಗ್ಗಿನ ಉಂಗುರಗಳಲ್ಲಿ ಕೂರಿಸಿದೆ. ಹಿತ್ತಲಲ್ಲಿ ನಮ್ಮದೇ ಐವತ್ತು ಮೀಟರಿನ ಜಾಗವಿದೆ. ಗುರಿ ಹೊಂದಿಸಿಕೊಂಡ ಮೇಲೆ ಐದು ಗುಂಡು ಹೊಡೆದಳು. ಐದೂ ಅಂಗಿಯ ಗುಂಡಿಯಷ್ಟು ಅಗಲದಲ್ಲಿ ಬಿದ್ದವು. ಗುರಿಯ ಕಾಗದವನ್ನು ಕಿತ್ತು ತಂದಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅಪ್ಪಂಗೆ ಹೇಳಿದ್ರಾ?"

"ಹೇಳಿದ್ದೆ."

"ನಂಗೆ?"

ಅಂಗಡಿಯ ಕಟ್ಟುಪಾಡು ನಾಲಿಗೆಯ ತುದಿಗೆ ಬಂತು. ಹೆಗಲ ಮೇಲೆ ಕೂರಿಸಿ ಆಡಿಸಿದ ಮಗಳಿಗೆ ಅದನ್ನು ಹೇಗೆ ಹೇಳಲಿ?

"ಅಪ್ಪ ಬಡಾಯಿ ಅಂತ ಊರಿಗೇ ಗೊತ್ತು," ಅಂದಳು. "ಅದಕ್ಕೇ ತಾನೇ ನಿಮ್ಮನ್ನ ಕೇಳಿದ್ದು."

ಮೇಜಿಗೆ ಹಿಂದಿರುಗಿ ಸ್ಕ್ರೂಡ್ರೈವರಿಗೆ ಕೈ ಚಾಚಿದಳು, ಕೊಟ್ಟೆ. ನಾನು ಆಗತಾನೇ ಬಿಗಿದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿದಳು. ಗುರಿಯನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆಮೇಲೆ ನನ್ನೆದುರಿಗೇ, ನಾನು ಕಲಿಸಿದ ಹಾಗೆಯೇ ಎದುರುಬದುರಾಗಿ, ತನ್ನ ಕೈಯಿಂದ ಬಿಗಿದುಕೊಂಡಳು.