ಗುರುವೇ ದನಾದ, ಕೇಳಿ

ಮೇಡ್ಲೇರಿಯ ಶಾಲೆಯಲ್ಲಿ ಪದ್ಯವೆಂದರೆ ಶೇಖಪ್ಪ ಮಾಸ್ತರರ ಬಾಯಿ. ಅವರು ರಾಗ ಎತ್ತಿದರೆ ಬಿಸಿಯೂಟದ ಹೊಳಿಯವ್ವ ಕೂಡ ಸೌಟು ಹಿಡಿದುಕೊಂಡೇ ನಿಂತುಬಿಡುತ್ತಿದ್ದಳು. ಹೊಸದಾಗಿ ಬಂದ ಶ್ರೀದೇವಿ ಟೀಚರು ಒಂದು ದಿನ ಮೊಬೈಲು ಹಿಡಿದು ಅವರೆದುರು ಬಂದರು.

"ಸರ್, ಪದ್ಯ ಹೇಳ್ರಿ. ಇದರಾಗ ತುಂಬಿಕೊಂಡು ನನ್ನ ಕ್ಲಾಸಿನ್ಯಾಗ ಹಚ್ಚತೇನಿ."

"ಪದ್ಯ ಹಚ್ಚೂದಲ್ರೀ ಬಾಯಾರ, ಹೇಳೂದು. ಹಚ್ಚಾಕ ಅದೇನು ಒಲಿ ಏನ್ರಿ?"

ಟೀಚರು ಬ್ಯಾಡಗಿಯಲ್ಲಿದ್ದ ತಮ್ಮ ತಂಗಿ ಅರುಣಾಳಿಂದ ಪದ್ಯ ಹಾಡಿಸಿ ಮೊಬೈಲಿನಲ್ಲಿ ತುಂಬಿಕೊಂಡು ತಂದರು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮಕ್ಕಳು ಮೊಬೈಲಿಗೆ ಮುತ್ತಿದರು. ಗೋಡೆಯ ಈಚೆ, ಪಕ್ಕದ ಕ್ಲಾಸಿನಲ್ಲಿದ್ದ ಶೇಖಪ್ಪನವರ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಅವರ ಅಚ್ಚುಮೆಚ್ಚಿನ ಶಿಷ್ಯೆ ದುರ್ಗಾ ಕೂಡ ಈಗ ಆ ಡಬ್ಬಿ ಉಸಿರೆಳೆದಲ್ಲೇ ಉಸಿರೆಳೆಯುತ್ತಿದ್ದಳು!

ಹಾಗೆ ಕೇಳುತ್ತಿರುವಾಗಲೇ ಅವರ ಕಿವಿ ನೆಟ್ಟಗಾಯಿತು. ಪದ್ಯದ ಸಾಲು 'ಗುರು ವೇದನಾದ ಕೇಳಿ ಹೊಳೆ ತಲೆದೂಗಿತು' ಎಂದು. ಗುರುವಿನ ವೇದದ ನಾದ. ಅರುಣಾ ಉಸಿರು ಸಾಲದೆ ತಪ್ಪು ಜಾಗದಲ್ಲಿ ಮುರಿದಿದ್ದಳು: 'ಗುರುವೇ... ದನಾದ, ಕೇಳಿ!' ಮಕ್ಕಳೂ ಹಾಗೆಯೇ ಕಲಿತಿದ್ದರು. ಶನಿವಾರ ರಾಣೆಬೆನ್ನೂರಿನಿಂದ ಶಾಲೆ ತಪಾಸಣೆಗೆ ಸಾಹೇಬರು ಬರುವವರಿದ್ದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಶೇಖಪ್ಪ "ಶಿವಾ" ಎಂದು ಕಣ್ಣು ಮುಚ್ಚಿದರು. ಮಾನ ಹೋದರೆ ಆ ಡಬ್ಬಿಯದು ಹೋಗಲಿ.

ಶನಿವಾರ ಮಕ್ಕಳು ಒಕ್ಕೊರಲಿನಿಂದ ಹಾಡಿದರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾವ ಗುರು ದನಾ ಆದ್ನವ್ವಾ? ಮೊಬೈಲ್ ಹಿಡದು ಕಲಿಸಿದ್ದು ಇದನ ಏನ್ರಿ, ಟೀಚರ?"

ಶ್ರೀದೇವಿಯ ಮುಖ ಸುಣ್ಣವಾಯಿತು. ದುರ್ಗಾ ಮಾತ್ರ ಶೇಖಪ್ಪನವರ ಕಡೆ ತಿರುಗಿದಳು.

"ಸರ್, ನೀವು ದಿನಾ ಗ್ವಾಡಿ ಆಕಡಿಂದ ಕೇಳತಿದ್ರಿ. ಯಾಕ ಹೇಳಲಿಲ್ರಿ?"

ಶೇಖಪ್ಪ ಎದ್ದು ನಿಂತರು.

"ಮಕ್ಕಳದು ತಪ್ಪಿಲ್ರಿ ಸಾಹೇಬ್ರ," ಎಂದರು. "ಖರೇನ ಗುರುನ ದನಾ ಆಗಿದ್ದ." ಮೊಬೈಲಿನ ಮುಂದೆ ಬಂದು ಕುಳಿತರು. "ಹಚ್ಚರಿ ಬಾಯಾರ, ನಾ ಹೇಳತೇನಿ, ತುಂಬಿಕೊಳ್ರಿ."

ಕೈಮುಗಿದು, ಒಂದು ಅಕ್ಷರವೂ ಮುರಿಯದಂತೆ ಪೂರ್ತಿ ಹೇಳಿದರು.

"ಟೀಚರ್, ಸರ್ ದನಿ ಹಚ್ಚರಿ! ಇನ್ನೊಮ್ಮೆ ಹಚ್ಚರಿ!" ಮಕ್ಕಳು ಮೊಬೈಲಿಗೆ ಮುತ್ತಿದರು.

ತಾವೇ ಮತ್ತೆ ಹೇಳೋಣವೆಂದು ಶೇಖಪ್ಪ ಬಾಯಿ ತೆರೆದರು. ದುರ್ಗಾ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಸರ್, ಕೇಳಾಕ ಬಿಡ್ರಿ."

ಡಬ್ಬಿಯೊಳಗಿನ ತಮ್ಮದೇ ದನಿ ಕೇಳುತ್ತ ಶೇಖಪ್ಪನವರ ಹೊಟ್ಟೆಯಲ್ಲಿ ಮತ್ತೆ ಕಿಚ್ಚು ಹತ್ತಿತು.